ಎಣ್ಣಿ ಹೊಡಿಯೋನ ಆಫೀಸು

ಬೆಂಗಳೂರಲ್ಲಿ 'ಎಣ್ಣೆ ಹೊಡೆಯೋದು' ಅಂದ್ರೆ ಶುಕ್ರವಾರ ರಾತ್ರಿಯ ಪ್ಲಾನ್. ಸಿಂಧನೂರು ಕಡೆ 'ಎಣ್ಣಿ ಹೊಡ್ಯಾಕ ಹೋಗ್ಯಾನ' ಅಂದ್ರೆ ಬೆನ್ನಿಗೆ ಪಂಪು ಕಟ್ಟಿಕೊಂಡು ಭತ್ತದ ಗದ್ದೆಗೆ ಇಳಿದಿದ್ದಾನೆ ಅಂತ ಅರ್ಥ. ಕ್ರಿಮಿನಾಶಕಕ್ಕೆ ನಮ್ಮಲ್ಲಿ ಎಣ್ಣಿ ಅಂತಲೇ ಹೆಸರು. ಈ ಲೇಖನ ಎರಡನೇ ಎಣ್ಣೆ ಬಗ್ಗೆ. ಮೊದಲನೇದರ ಬಗ್ಗೆ ಬರೆಯೋರು ಬೇಕಾದಷ್ಟು ಜನ ಇದ್ದಾರೆ.

ನಾವು ಕೂರೋ ಕುರ್ಚಿಗೆ ಸೊಂಟದ ಸಪೋರ್ಟ್ ಇದೆ. ಮಾನಿಟರ್ ಕಣ್ಣಿನ ಮಟ್ಟಕ್ಕೆ ಇರಬೇಕು, 20 ನಿಮಿಷಕ್ಕೊಮ್ಮೆ ದೂರ ನೋಡಬೇಕು, ಗಂಟೆಗೊಮ್ಮೆ ಎದ್ದು ಓಡಾಡಬೇಕು ಅಂತ ಎಚ್‌ಆರ್ ಮೇಲ್ ಬರುತ್ತೆ. ಜಾಸ್ತಿ ಹೊತ್ತು ಕೂತರೆ ಹೃದಯಕ್ಕೆ ಒಳ್ಳೇದಲ್ಲ ಅಂತ ಎಲ್ಲೋ ಒಂದು ಸಂಶೋಧನೆ ಬಂದ್ರೆ, ಸ್ವಲ್ಪ ದಿನದಲ್ಲೇ ನಮ್ಮ ಫ್ಲೋರಿಗೆ ನಿಂತು ಕೆಲಸ ಮಾಡೋ ಟೇಬಲ್ ಬಂದಿರುತ್ತೆ. ಇದನ್ನ ಗೇಲಿ ಮಾಡ್ತಿಲ್ಲ, ನನ್ನ ಬೆನ್ನೂ ಆ ಕುರ್ಚಿಗೆ ಋಣಿ. ನನ್ನ ತಕರಾರು ಇಷ್ಟೇ: ಕೆಲಸದ ಜಾಗದ ಆರೋಗ್ಯದ ಬಗ್ಗೆ ಜಗತ್ತು ಕಲಿತದ್ದೆಲ್ಲ ಐಡಿ ಕಾರ್ಡ್ ಇರೋರ ಹತ್ತಿರ ಬಂದು ನಿಂತುಬಿಡುತ್ತೆ. ನಾವು ತಿನ್ನೋ ಸೋನಾ ಮಸೂರಿಗೆ ಎಣ್ಣಿ ಹೊಡೆದವನ ಗದ್ದೆಯನ್ನ ಯಾರೂ 'ಕೆಲಸದ ಜಾಗ' ಅಂತ ಕರೆಯೋದೇ ಇಲ್ಲ.

ಕಾನೂನೂ ಕರೆಯಲ್ಲ. ಸಿಂಧನೂರಿಂದ ಮಸ್ಕಿ ದಾಟಿ ಲಿಂಗಸುಗೂರಿನ ಕಡೆ ಹೋದ್ರೆ ಮುಂದೆ ಹಟ್ಟಿ ಚಿನ್ನದ ಗಣಿ ಸಿಗುತ್ತೆ. ಅಲ್ಲಿ ಭೂಮಿಯೊಳಗೆ ಇಳಿಯೋನಿಗೆ 2025ರವರೆಗೆ 1952ರ ಗಣಿ ಕಾಯ್ದೆ ಇತ್ತು. ದಿನಕ್ಕೆ 8 ಗಂಟೆಗಿಂತ ಹೆಚ್ಚು ಕೆಳಗಿರೋ ಹಾಗಿರಲಿಲ್ಲ. ಕೆಲಸಕ್ಕೆ ಸೇರೋವಾಗ ಒಮ್ಮೆ, ಆಮೇಲೆ 5 ವರ್ಷದೊಳಗೆ ಒಮ್ಮೆ ಕಡ್ಡಾಯ ವೈದ್ಯಕೀಯ ತಪಾಸಣೆ ಇತ್ತು. ಕಲ್ಲಿನ ಧೂಳಿಂದ ಸಿಲಿಕೋಸಿಸ್ ಬಂದ್ರೆ ಅದನ್ನ ಸರ್ಕಾರಕ್ಕೆ ತಿಳಿಸಲೇಬೇಕು. ಹಟ್ಟಿಯಲ್ಲಿ ಎಲ್ಲ ಸುಸೂತ್ರ ಅಂತ ನಾನು ಹೇಳ್ತಿಲ್ಲ, ಅಲ್ಲಿನ ಕಾರ್ಮಿಕರನ್ನ ಕೇಳಿದ್ರೆ ಅವರದೇ ದೊಡ್ಡ ಪಟ್ಟಿ ಕೊಡ್ತಾರೆ. ಆದ್ರೆ ಜಗಳ ಆಡೋಕೆ ಅವರಿಗೊಂದು ಕಾಗದ ಇದೆ. ಅದೇ ರಸ್ತೆ ಪಕ್ಕದ ಗದ್ದೆಯಲ್ಲಿ ವಿಷ ಹೊಡೆಯೋ ಇಬ್ಬರು ಕೂಲಿಯವರಿಗೆ? ಹಳೆ ಫ್ಯಾಕ್ಟರಿ ಕಾಯ್ದೆಗೆ ಅದು ಫ್ಯಾಕ್ಟರಿ ಆಗಿರಲಿಲ್ಲ. 13 ಕಾನೂನುಗಳನ್ನ ಒಟ್ಟುಗೂಡಿಸಿದ 2020ರ ಸುರಕ್ಷತಾ ಸಂಹಿತೆ ಕೂಡ 10 ಜನ ಕೆಲಸಗಾರರಿದ್ದರೆ ಮಾತ್ರ 'ಸಂಸ್ಥೆ' ಅನ್ನುತ್ತೆ. ಎಣ್ಣಿ ಹೊಡೆಯೋಕೆ 10 ಜನ ಯಾರೂ ಕರೆಯಲ್ಲ.

ಹಾಗಾದ್ರೆ ಏನೂ ನಡೀತಿಲ್ವಾ? ನಡೀತಿದೆ. ಜಾಗೃತಿ ಶಿಬಿರ ನಡೀತಿದೆ. ಶಾಮಿಯಾನ ಹಾಕಿ, ಗೌನು ಗ್ಲೌಸು ಕನ್ನಡಕ ತೊಡಿಸಿದ ಒಬ್ಬನನ್ನ ನಿಲ್ಲಿಸಿ ಫೋಟೋ ತೆಗೆಸಿ, 'ರೈತರು ಸುರಕ್ಷಾ ಸಾಧನ ಬಳಸಬೇಕು' ಅಂತ ಹೇಳಿ ಊಟ ಹಾಕಿ ಕಳಿಸ್ತಾರೆ.

ಔದ್ಯೋಗಿಕ ಸುರಕ್ಷತೆಯ ಯಾವುದೇ ಪಠ್ಯದ ಮೊದಲ ಪಾಠ ನೋಡಿ, ಅಲ್ಲೊಂದು ಏಣಿ ಇರುತ್ತೆ. ಮೇಲಿನ ಮೆಟ್ಟಿಲು: ಅಪಾಯವನ್ನೇ ತೆಗೆದುಹಾಕು. ಆಗಲಿಲ್ವಾ, ಕಡಿಮೆ ಅಪಾಯದ್ದನ್ನ ಬಳಸು. ಅದೂ ಆಗಲಿಲ್ವಾ, ಮನುಷ್ಯನಿಗೂ ಅಪಾಯಕ್ಕೂ ನಡುವೆ ಯಂತ್ರವನ್ನೋ ಗೋಡೆಯನ್ನೋ ತಾ. ಆಮೇಲೆ ಕೆಲಸದ ಹೊತ್ತು, ಕ್ರಮ ಬದಲಿಸು. ಇಷ್ಟಾದ್ಮೇಲೂ ಉಳಿದ ಅಪಾಯಕ್ಕೆ ಮಾಸ್ಕು, ಗ್ಲೌಸು. ಅಂದ್ರೆ ನಮ್ಮ ಶಿಬಿರಗಳು ಶುರುವಾಗೋದೇ ಕಟ್ಟಕಡೆಯ ಮೆಟ್ಟಿಲಿಂದ, ಮುಗಿಯೋದೂ ಅಲ್ಲೇ. ಅದು ಅಗ್ಗದ ಮೆಟ್ಟಿಲು, ಮೇಲಾಗಿ ಎಡವಿದ್ರೆ ತಪ್ಪು ಕೂಲಿಯವನ ಮೇಲೆ ಬರುತ್ತೆ.

ಆ ಮೆಟ್ಟಿಲಾದ್ರೂ ಗಟ್ಟಿಯಾಗಿದೆಯಾ? ಕ್ರಿಮಿನಾಶಕ ಹೊಡೆಯೋರ ಮೈಗೆ ವಿಷ ಹೆಚ್ಚಾಗಿ ಸೇರೋದು ಉಸಿರಿಂದಲ್ಲ, ಚರ್ಮದಿಂದ ಅಂತ ದಶಕಗಳ ಹಿಂದೆಯೇ ಗೊತ್ತಾಗಿದೆ. ಡಬ್ಬಿಯಿಂದ ಅಳೆದು ಕಲಸುವಾಗ ಕೈಗೆ, ಸೋರೋ ಟ್ಯಾಂಕಿಂದ ಬೆನ್ನಿಗೆ, ಆಗಷ್ಟೇ ಹೊಡೆದ ಪೈರಿನೊಳಗೆ ಮುಂದಕ್ಕೆ ನಡೆಯುವಾಗ ತೊಡೆಗೆ, ಕಾಲಿಗೆ. ನಾವು ಮಾತ್ರ ಮೂಗಿಗೆ ಟವೆಲ್ ಕಟ್ಟಿ ಕೆಲಸ ಮುಗೀತು ಅಂದುಕೊಂಡಿದ್ದೇವೆ. ಇನ್ನು ಮೈತುಂಬ ಗೌನು? ಮಂಡಿವರೆಗೆ ಕೆಸರು, ಮೇಲೆ ಬಿಸಿಲು, ಬೆನ್ನಿಗೆ 16 ಲೀಟರ್ ಭಾರ. ಗಾಳಿಯಾಡದ ಬಟ್ಟೆ ಹಾಕಿದ್ರೆ ಬೆವರು ಆರಲ್ಲ, ಮೈ ಬಿಸಿ ಇಳಿಯಲ್ಲ. ಬಿಸಿಲಿನ ವಿಜ್ಞಾನ ಬಟ್ಟೆ ತೆಗಿ ಅನ್ನುತ್ತೆ, ವಿಷದ ವಿಜ್ಞಾನ ಬಟ್ಟೆ ಹಾಕು ಅನ್ನುತ್ತೆ. 'ಅದನ್ನ ಹಾಕ್ಕೊಂಡ್ರ ಜೀವ ಉಬ್ಬಸ ಆಗತೈತಿ ತಮ್ಮಾ' ಅಂತ ಗದ್ದೆಯಲ್ಲಿರೋ ಅಣ್ಣ ಹೇಳಿದ್ರೆ ನಾವು ಅದನ್ನ ಅಜ್ಞಾನ ಅಂತ ಬರೆದುಕೊಳ್ತೀವಿ. ಅವನು ಹೇಳ್ತಿರೋದು ಶರೀರಶಾಸ್ತ್ರ.

2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಹತ್ತಿಗೆ ಔಷಧ ಹೊಡೆಯುತ್ತಲೇ ರೈತರು, ಕೂಲಿಗಳು ಸತ್ತರು. ಸತ್ತವರು 20 ದಾಟಿದ್ರು, ಆಸ್ಪತ್ರೆ ಸೇರಿದವರು ನೂರಾರು. ಆಗಲೂ ಜೋರಾಗಿ ಕೇಳಿದ ಮಾತು 'ಅವರು ಮುಂಜಾಗ್ರತೆ ವಹಿಸಿರಲಿಲ್ಲ' ಅನ್ನೋದೇ. ನಮ್ಮ ಸರ್ವರ್ ಎರಡು ಗಂಟೆ ಬಿದ್ದರೆ ನಾವು ಮೀಟಿಂಗ್ ಕರೀತೀವಿ. ಅದಕ್ಕೆ 'ಬ್ಲೇಮ್‌ಲೆಸ್ ಪೋಸ್ಟ್‌ಮಾರ್ಟಮ್' ಅಂತ ಹೆಸರು ಬೇರೆ. ಯಾರು ಬಟನ್ ಒತ್ತಿದ ಅಂತ ಕೇಳಬಾರದು, ಒತ್ತೋಕೆ ಬಿಟ್ಟ ವ್ಯವಸ್ಥೆ ಯಾವುದು ಅಂತ ಕೇಳಬೇಕು. ಮನುಷ್ಯ ತಪ್ಪು ಮಾಡೇ ಮಾಡ್ತಾನೆ, ವ್ಯವಸ್ಥೆ ಅದನ್ನ ತಡೀಬೇಕು. ಈ ತಿಳುವಳಿಕೆಯನ್ನ ಸಾಫ್ಟ್‌ವೇರಿನವರು ಕಲಿತದ್ದೇ ವಿಮಾನ, ಆಸ್ಪತ್ರೆ, ಕಾರ್ಖಾನೆಗಳ ಅಪಘಾತದ ಅಧ್ಯಯನಗಳಿಂದ. ಅದೇ ತಿಳುವಳಿಕೆಯನ್ನ ನಿಜವಾದ ಪೋಸ್ಟ್‌ಮಾರ್ಟಮ್ ಟೇಬಲ್ ಮೇಲೆ ಮಲಗಿದವನಿಗೆ ಅನ್ವಯಿಸೋಕೆ ನಮಗೆ ಮನಸ್ಸಿಲ್ಲ.

ಡಬ್ಬಿ ಮೇಲೆ ಎಲ್ಲ ಬರೆದಿದೆಯಲ್ಲ ಅನ್ನೋರೂ ಇದ್ದಾರೆ. ಕೆಂಪು, ಹಳದಿ, ನೀಲಿ, ಹಸಿರು ಗುರುತು. ಕೆಂಪು ಅಂದ್ರೆ ಅತಿ ಘೋರ ವಿಷ. ಒಳಗೆ ಮಡಚಿದ ಚೀಟಿಯಲ್ಲಿ ಇರುವೆ ಗಾತ್ರದ ಅಕ್ಷರ. ಮಸ್ಕಿಯಲ್ಲಿ ಅಶೋಕನ ಶಾಸನ ಇದೆಯಲ್ಲ, 1915ರಲ್ಲಿ ಬೀಡನ್ ಅನ್ನೋ ಚಿನ್ನದ ಗಣಿ ಎಂಜಿನಿಯರ್ ಕಂಡುಹಿಡಿದದ್ದು, ಅವನ ಶಾಸನಗಳಲ್ಲಿ ಅಶೋಕ ಅನ್ನೋ ಹೆಸರು ಮೊದಲು ಸಿಕ್ಕಿದ್ದೇ ಅದರಲ್ಲಿ. ಎರಡು ಸಾವಿರ ವರ್ಷದ ಹಿಂದಿನ ಆ ಆಡಳಿತಕ್ಕೂ ಒಂದು ವಿಷಯ ಗೊತ್ತಿತ್ತು: ಜನರಿಗೆ ಹೇಳೋದನ್ನ ಜನರ ಭಾಷೆಯಲ್ಲಿ, ಕಣ್ಣಿಗೆ ಕಾಣೋ ಹಾಗೆ ಬರೆಸಬೇಕು ಅಂತ.

ಏಣಿಯ ಮೇಲಿನ ಮೆಟ್ಟಿಲಿಗೆ ಬರೋಣ. ಹೊಡೆಯೋದನ್ನೇ ಕಡಿಮೆ ಮಾಡೋಕಾಗುತ್ತಾ? ಭತ್ತದ ವಿಷಯದಲ್ಲಿ ಉತ್ತರ ಸಿಕ್ಕು 35 ವರ್ಷದ ಮೇಲಾಯ್ತು. ಭತ್ತವನ್ನ ಸುಟ್ಟಂತೆ ಒಣಗಿಸೋ ಕಂದು ಜಿಗಿಹುಳು ಇದೆಯಲ್ಲ, ಅದನ್ನ ತಿನ್ನೋ ಜೇಡ, ತಿಗಣೆಗಳು ಗದ್ದೆಯಲ್ಲೇ ಇರ್ತವೆ. ಸುಮ್ಮಸುಮ್ಮನೆ ಎಣ್ಣಿ ಹೊಡೆದ್ರೆ ಮೊದಲು ಸಾಯೋದು ಜೇಡ. ಜಿಗಿಹುಳು ದುಪ್ಪಟ್ಟಾಗಿ ವಾಪಸ್ ಬರುತ್ತೆ, ಅದಕ್ಕೆ ಮತ್ತೆ ಹೊಡೀಬೇಕು. ಇಂಡೋನೇಷ್ಯಾ ಇದನ್ನ ಅನುಭವಿಸಿ, 1986ರಲ್ಲಿ ಭತ್ತಕ್ಕೆ ಬಳಸುತ್ತಿದ್ದ 57 ಕೀಟನಾಶಕಗಳನ್ನ ಒಂದೇ ಆದೇಶದಲ್ಲಿ ನಿಷೇಧಿಸಿತು, ಆಮೇಲೆ ಸಬ್ಸಿಡಿಯನ್ನೂ ತೆಗೆದುಹಾಕಿತು. ಅಕ್ಕಿ ಉತ್ಪಾದನೆ ಕುಸಿಯಲಿಲ್ಲ. 1990ರ ದಶಕದಲ್ಲಿ ವಿಯೆಟ್ನಾಮಿನ ಮೆಕಾಂಗ್ ಬಯಲಲ್ಲಿ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 'ಬಿತ್ತಿದ ಮೊದಲ 40 ದಿನ ಎಲೆ ತಿನ್ನೋ ಹುಳಕ್ಕೆ ಹೊಡೀಬೇಡಿ' ಅನ್ನೋ ಒಂದೇ ಸರಳ ಮಾತನ್ನ ರೇಡಿಯೋ ನಾಟಕ ಮಾಡಿ ಹೇಳಿದ್ರು. ಒಂದು ಬೆಳೆಗೆ ಸರಾಸರಿ 3.4 ಸಲ ಹೊಡೀತಿದ್ದ ರೈತರು 1.6ಕ್ಕೆ ಇಳಿದ್ರು. ಇದನ್ನ ಸಾಮಾನ್ಯವಾಗಿ ಪರಿಸರದ ಕಥೆಯಾಗಿ ಹೇಳ್ತಾರೆ. ನಾನು ಇದನ್ನ ಕೆಲಸದ ಜಾಗದ ಸುರಕ್ಷತೆಯ ಕಥೆ ಅಂತ ಓದ್ತೀನಿ. ವಿಷ ಬೆನ್ನ ಮೇಲೆ ಹೊರೋ ಸರದಿಯೇ ಅರ್ಧಕ್ಕೆ ಇಳೀತು, ಅದೂ ಒಂದು ಗ್ಲೌಸು ಹಂಚದೆ.

ನಮ್ಮ ತುಂಗಭದ್ರಾ ಎಡದಂಡೆ ಕಾಲುವೆ ಸೀಮೆಯಲ್ಲಿ ಇದು ಸುಲಭ ಅಂತ ಹೇಳೋಕಾಗಲ್ಲ. ಲೀಸಿಗೆ ಗದ್ದೆ ಹಿಡಿದವನಿಗೆ ಒಂದು ಬೆಳೆ ಹೋದ್ರೆ ಮನೆಯೇ ಹೋಗುತ್ತೆ. ಪಕ್ಕದವನು ಹೊಡೆದಾಗ ತಾನು ಸುಮ್ಮನಿರೋಕೆ ಎಂಟೆದೆ ಬೇಕು. ಸಲಹೆ ಕೇಳೋಣ ಅಂದ್ರೆ ಹತ್ತಿರ ಇರೋದು ಗೊಬ್ಬರದಂಗಡಿ. ಉದ್ರಿ ಕೊಡೋನೂ ಅವನೇ, ಯಾವ ಎಣ್ಣಿ ಅಂತ ಹೇಳೋನೂ ಅವನೇ. ಡಾಕ್ಟರೇ ಮೆಡಿಕಲ್ ಶಾಪಿನ ಓನರ್ ಆಗಿ, ಸಾಲವನ್ನೂ ಅವನೇ ಕೊಟ್ಟರೆ ಚೀಟಿಯಲ್ಲಿ ಎಷ್ಟು ಮಾತ್ರೆ ಇರುತ್ತೆ ಲೆಕ್ಕ ಹಾಕಿ.

ಈಗ ಈ ಅಂಗಡಿಯನ್ನ ನಮ್ಮ ಜನ ಮೊಬೈಲಿಗೆ ತಂದಿದ್ದಾರೆ. ಕೋರಮಂಗಲದಲ್ಲೋ ಎಚ್‌ಎಸ್‌ಆರ್ ಲೇಔಟಲ್ಲೋ ಕೂತು ಕೋಡ್ ಬರೆಯೋ ನಮ್ಮಂಥವರೇ. ಎಲೆಯ ಫೋಟೋ ತೆಗೀರಿ, ಎಐ ರೋಗ ಹೇಳುತ್ತೆ, ಕೆಳಗೇ 'ಖರೀದಿಸಿ' ಬಟನ್. ಒಬ್ಬ ಎಂಜಿನಿಯರ್ ಆಗಿ ಕೇಳ್ತೀನಿ: ಆ ಮಾಡೆಲ್‌ಗೆ ನೀವು ಕೊಟ್ಟ ಗುರಿ ಏನು? ಮಾರಾಟವೇ ಗುರಿಯಾದ್ರೆ 'ಈ ವಾರ ಏನೂ ಹೊಡೀಬೇಡಿ, ಜೇಡ ಎಷ್ಟಿವೆ ಎಣಿಸಿ, ಮೂರು ದಿನ ಬಿಟ್ಟು ನೋಡಿ' ಅನ್ನೋ ಉತ್ತರ ಆ ಪರದೆಯ ಮೇಲೆ ಯಾವತ್ತಾದ್ರೂ ಬರುತ್ತಾ? ಸಂಶೋಧನೆಯ ಪ್ರಕಾರ ಎಷ್ಟೋ ಸಲ ಸರಿಯುತ್ತರ ಅದೇ. ಡ್ರೋನ್ ಬಗ್ಗೆಯೂ ಇದೇ ಮಾತು. 2023ರಲ್ಲಿ ಕೇಂದ್ರ ಸರ್ಕಾರ 15,000 ಮಹಿಳಾ ಸಂಘಗಳಿಗೆ ಡ್ರೋನ್ ಕೊಡೋ ಯೋಜನೆ ತಂತು. ಮನುಷ್ಯನ ಬೆನ್ನಿಂದ ಟ್ಯಾಂಕ್ ಇಳಿಸೋ ನಿಜವಾದ ಯಂತ್ರ ಅದು, ನಾನು ಸ್ವಾಗತಿಸ್ತೀನಿ. ಆದ್ರೆ ಮೇಲಿಂದ ಬೀಳೋ ಹನಿ ಪಕ್ಕದ ಗದ್ದೆಯಲ್ಲಿ ಕಳೆ ಕೀಳೋ ಹೆಂಗಸರ ಮೇಲೆ ಬೀಳಬಾರದಲ್ಲ? ಆಕಾಶದಿಂದ ಸುರಿದ ವಿಷ ಏನು ಮಾಡುತ್ತೆ ಅಂತ ಕಾಸರಗೋಡಿನ ಗೇರು ತೋಟಗಳ ಎಂಡೋಸಲ್ಫಾನ್ ನಮಗೆ ಕಲಿಸಿದೆ. ಸುಪ್ರೀಂ ಕೋರ್ಟ್ ಅದನ್ನ ತಡೆಯೋ ಹೊತ್ತಿಗೆ 2011 ಆಗಿತ್ತು.

ಬಿಸಿಲಿನ ವಿಷಯದಲ್ಲಂತೂ ನೆಪಕ್ಕೂ ಜಾಗ ಇಲ್ಲ. ರಾಯಚೂರೂ ಸೇರಿ ಕಲಬುರಗಿ ವಿಭಾಗದಲ್ಲಿ ಏಪ್ರಿಲ್, ಮೇ ಬಂದ್ರೆ ಸರ್ಕಾರಿ ಕಚೇರಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30. ಫ್ಯಾನ್ ಕೆಳಗೆ ಕೂರೋರಿಗೆ ಬಿಸಿಲು ಅಪಾಯ ಅಂತ ಸರ್ಕಾರ ಒಪ್ಪಿದೆ, ಆಯ್ತು. ಕತಾರಿನಂಥ ದೇಶವೇ 2021ರಿಂದ, ಶಾಖ ಮತ್ತು ತೇವ ಎರಡನ್ನೂ ಸೇರಿಸಿ ಅಳೆಯೋ ಮಾಪಕ 32.1 ಡಿಗ್ರಿ ದಾಟಿದ್ರೆ ಹೊರಗಿನ ಕೆಲಸ ನಿಲ್ಲಿಸಬೇಕು ಅಂತ ನಿಯಮ ಮಾಡಿದೆ. ನಿಕರಾಗುವಾದ ಕಬ್ಬು ಕಡಿಯೋರ ಕಿಡ್ನಿ ಹಾಳಾಗ್ತಿದ್ದಾಗ, ನೀರು, ನೆರಳು, ಕಡ್ಡಾಯ ವಿಶ್ರಾಂತಿ ಕೊಟ್ಟು ನೋಡಿದ್ರು, ಕಿಡ್ನಿಗೆ ಆಗೋ ಪೆಟ್ಟು ಕಡಿಮೆಯಾಯ್ತು. ಕ್ಯಾಲಿಫೋರ್ನಿಯಾದ ಹೊಲಗೂಲಿಗಳ ಅಧ್ಯಯನದಲ್ಲಿ, ಮಾಡಿದಷ್ಟಕ್ಕೆ ದುಡ್ಡು ಅನ್ನೋ ಲೆಕ್ಕದಲ್ಲಿ ದುಡಿಯೋರ ಕಿಡ್ನಿಗೆ ಪೆಟ್ಟು ಜಾಸ್ತಿ ಅಂತ ಕಂಡುಬಂತು. ಎಣ್ಣಿ ಹೊಡೆಯೋ ಕೂಲಿಯನ್ನ ಟ್ಯಾಂಕಿಗೆ ಇಷ್ಟು ಅಂತ ಮಾತಾಡಿದಾಗಲೂ ಆಗೋದು ಇದೇ. ಹತ್ತು ನಿಮಿಷ ಮರದ ಕೆಳಗೆ ಕೂತರೆ ಒಂದು ಟ್ಯಾಂಕ್ ಕಡಿಮೆ. ದಿನದ ಲೆಕ್ಕದಲ್ಲಿ ಕೂಲಿ ಕೊಟ್ಟು, ಮುಂಜಾನೆ ತಂಪೊತ್ತಿಗೆ ಹೊಡೆಸಿ ಬಿಸಿಲೇರೋ ಮುಂಚೆ ನಿಲ್ಲಿಸಿದ್ರೆ ಗದ್ದೆ ಮಾಲೀಕನಿಗೆ ನಷ್ಟ ಏನು?

ಕೊನೆಗೆ ರಕ್ತದ ಮಾತು. ಭತ್ತಕ್ಕೆ ಹೊಡೆಯೋ ಹಲವು ಕೀಟನಾಶಕಗಳು ಮೈಯಲ್ಲಿ ಕೋಲಿನ್‌ಎಸ್ಟರೇಸ್ ಅನ್ನೋ ಕಿಣ್ವವನ್ನ ಕುಗ್ಗಿಸ್ತವೆ. ತಲೆಸುತ್ತು, ವಾಂತಿ ಬರೋಕೆ ಮುಂಚೆಯೇ ರಕ್ತ ಪರೀಕ್ಷೆಯಲ್ಲಿ ಅದು ಗೊತ್ತಾಗುತ್ತೆ. ಕ್ಯಾಲಿಫೋರ್ನಿಯಾದಲ್ಲಿ 1974ರಿಂದ ಇಂಥ ಔಷಧ ಹೊಡೆಯೋರಿಗೆ ಈ ಪರೀಕ್ಷೆ ಕಡ್ಡಾಯ. ಮಟ್ಟ ಇಷ್ಟಕ್ಕಿಂತ ಇಳಿದ್ರೆ ಆ ಕೆಲಸದಿಂದ ಬಿಡಿಸಬೇಕು. ನಮ್ಮ ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲೂ ಕೀಟನಾಶಕ ಅಳೆಯೋ ಒಳ್ಳೆ ಲ್ಯಾಬ್ ಇದೆ. ಅದು ಇರೋದು ಆಹಾರದಲ್ಲಿ ಎಷ್ಟು ವಿಷ ಉಳಿದಿದೆ ಅಂತ ನೋಡೋಕೆ. ತಿನ್ನೋ ನಮ್ಮ ಸಲುವಾಗಿ. ಅದೇ ಊರಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜೂ ಇದೆ. ಸಿಂಧನೂರು, ಮಸ್ಕಿ, ಲಿಂಗಸುಗೂರು ತಾಲೂಕುಗಳಲ್ಲಿ ಕೂಲಿಗೆ ಎಣ್ಣಿ ಹೊಡೆಯೋರ ಪಟ್ಟಿ ಮಾಡಿ, ಹಂಗಾಮಿಗೆ ಮುಂಚೆ ಒಮ್ಮೆ, ನಡುವೆ ಒಮ್ಮೆ ರಕ್ತ ನೋಡೋದು ಈ ಎರಡು ಸಂಸ್ಥೆ ಕೂತು ಮಾತಾಡಿದ್ರೆ ಆಗೋ ಕೆಲಸ. ಪಟ್ಟಿಗೆ, ನೆನಪಿಸೋ ಮೆಸೇಜಿಗೆ, ಲೆಕ್ಕಕ್ಕೆ ಸಾಫ್ಟ್‌ವೇರ್ ಬೇಕಾದ್ರೆ ಬರೆದುಕೊಡೋಕೆ ನನ್ನಂಥ ರಾಯಚೂರು ಜಿಲ್ಲೆಯ ಹುಡುಗರು ಬೆಂಗಳೂರಲ್ಲಿ ಬೇಕಾದಷ್ಟು ಜನ ಇದ್ದೀವಿ, ಶನಿವಾರ ಭಾನುವಾರ ಬಿಡುವೂ ಇದೆ. ಜನವರಿಗೆ ಬೇಸಿಗೆ ಭತ್ತದ ನಾಟಿ ಶುರು. ಪಟ್ಟಿ ಅದಕ್ಕೆ ಮುಂಚೆ ಆಗಬೇಕು.