ತಣ್ಣಗಾಗದ ಚಾಲಕಕೋಣೆ

ಕಬ್ಬಿನ ಸೀಮೆಯಾದ ನಮ್ಮ ಭಾರತೀನಗರದ ಸುತ್ತಿನಲ್ಲಿ ಕಟಾವು ಯಂತ್ರವನ್ನಾಗಲಿ ಜೇಸಿಬಿಯನ್ನಾಗಲಿ ಇಟ್ಟಿರುವ ಗೃಹಸ್ಥರು, ಚಾಲಕನು ಸೆಖೆಯೆಂದು ದೂರಿದರೆ ಸೋಮಾರಿಯೆನ್ನಬಾರದು. ಗಾಜಿನ ಕೋಣೆಯಲ್ಲಿ ಬೆಂದು ತಲೆ ಸುತ್ತಿದವನ ಕೈಯಲ್ಲಿ ಅಷ್ಟು ದೊಡ್ಡ ಯಂತ್ರವಿರುವುದು. ಏ.ಸಿ. ಕುಂದಿತೆಂದೊಡನೆ ಗ್ಯಾಸು ತುಂಬಿಸಲು ಧಾವಿಸುವುದೂ ಸಲ್ಲದು. ಗ್ಯಾಸು ಡೀಸೆಲಿನಂತೆ ಉರಿದು ವ್ಯಯವಾಗುವ ವಸ್ತುವಲ್ಲ, ಮುಚ್ಚಿದ ನಳಿಗೆಗಳಲ್ಲಿ ಸುತ್ತುತ್ತಿರುವುದು. ಕಡಮೆಯಾಗಿದ್ದರೆ ಎಲ್ಲಿಯೋ ಸೋರಿದೆ. ಅದನ್ನು ಮುಚ್ಚದೆ ತುಂಬಿಸುವುದು ಛಿದ್ರಘಟಕ್ಕೆ ನೀರೆರೆದಂತೆ.

ಮೊದಲು ಕಂಡೆನ್ಸರನ್ನು ನೋಡತಕ್ಕದ್ದು. ಶಾಖವನ್ನು ಹೊರಚೆಲ್ಲುವ ಅದರ ತೆಳುರೆಕ್ಕೆಗಳ ನಡುವೆ ಕಬ್ಬಿನ ತರಗೂ ಧೂಳೂ ತುಂಬಿದರೆ ಗಾಳಿ ಹಾಯುವುದೆಂತು? ಎಂಜಿನ್ ನಿಲ್ಲಿಸಿ, ಗಾಳಿ ಹಾಯುವ ದಿಕ್ಕಿಗೆ ಎದುರಾಗಿ ಮೆಲ್ಲನೆ ಊದಿಸಿರಿ. ರಭಸದ ನೀರಿಗೆ ರೆಕ್ಕೆಗಳು ಬಾಗುವುವು. ಕೋಣೆಯ ಫಿಲ್ಟರು, ಸಡಿಲಿದ ಬೆಲ್ಟು, ಹರಿದ ಬಾಗಿಲಿನ ರಬ್ಬರು ಇವನ್ನೂ ಪರೀಕ್ಷಿಸಿರಿ. ಆಮೇಲೂ ತಂಪು ಬಾರದಿದ್ದರೆ ಮೆಕಾನಿಕನನ್ನು ಕರೆಯಿಸಿ, ಸೋರಿಕೆಯನ್ನು ಹುಡುಕಿಸಿರಿ.