ಒಡೆದ ಗಾಜಿನ ನಿಜವಾದ ಬೆಲೆ

ಒಡೆದ ಗಾಜು ಗುಜರಿಯ ಕೊನೆಯ ಸರಕೆಂಬುದು ಹತ್ತಿಕುಣಿಯಿಂದ ಯಾದಗಿರಿಯವರೆಗೆ ನಮ್ಮ ವ್ಯಾಪಾರಿಗಳ ಸಾಮಾನ್ಯ ಭಾವನೆ. ಗಾಜಿನ ಕುಲುಮೆಯ ಲೆಕ್ಕವೇ ಬೇರೆ.

ಮರಳು, ಸೋಡಾ ಆ್ಯಶ್, ಸುಣ್ಣಕಲ್ಲುಗಳ ಮಿಶ್ರಣವು ಕರಗಿದ ಗಾಜಿನ ಮೇಲೆ ಹೊದಿಕೆಯಂತೆ ತೇಲುತ್ತದೆ. ಮೇಲಿನಿಂದ ಜ್ವಾಲೆಯೂ ಕೆಳಗಿನಿಂದ ಕರಗಿದ ಗಾಜೂ ಕಾಯಿಸಿದರೂ, ಪುಡಿಯ ಕಣಗಳ ನಡುವೆ ಗಾಳಿಯಿರುವುದರಿಂದ ಶಾಖವು ನಿಧಾನವಾಗಿ ಒಳಗಿಳಿಯುತ್ತದೆ. ಆದ್ದರಿಂದಲೇ ದೊಡ್ಡ ಉದ್ಯಮಗಳಲ್ಲಿ ಈ ಹೊದಿಕೆ ಕಾಯುವ ಬಗೆಯನ್ನು ಗಣಕಯಂತ್ರದ ಮೇಲೆ ಗಣಿತದ ಮಾದರಿಯಾಗಿ ರೂಪಿಸಿ, ಇಂಧನದ ಅಗತ್ಯವನ್ನು ಮೊದಲೇ ಅಂದಾಜು ಮಾಡಲಾಗುತ್ತದೆ.

ಸಣ್ಣ ಉದ್ಯಮಿಗೆ ಅದರ ಸಾರಾಂಶವಷ್ಟೇ ಸಾಕು. ಭೀಮಾ ಸೀಮೆಯ ನಮಗೆಲ್ಲ ಪರಿಚಿತವಾದ ಸುಣ್ಣಕಲ್ಲನ್ನೇ ನೋಡಿ. ಶುದ್ಧವಾದ 100 ಕಿಲೊ ಸುಣ್ಣಕಲ್ಲಿನಲ್ಲಿ 44 ಕಿಲೊ ಇಂಗಾಲದ ಡೈಆಕ್ಸೈಡ್ ಆಗಿ ಹಾರಿಹೋಗುತ್ತದೆ. ಹಾಗೆ ಹಾರಿಸುವುದಕ್ಕೂ ಶಾಖ ವ್ಯಯವಾಗುತ್ತದೆ. ಸೋಡಾ ಆ್ಯಶ್‌ನಲ್ಲಿಯೂ ಶೇ. 41ಕ್ಕಿಂತ ಹೆಚ್ಚು ತೂಕ ಹೀಗೆಯೇ ನಷ್ಟ. ಒಡೆದ ಗಾಜಿಗೆ ಈ ನಷ್ಟವಿಲ್ಲ. ಮಿಶ್ರಣದಲ್ಲಿ ಅದರ ಪಾಲು ಶೇ. 10ರಷ್ಟು ಹೆಚ್ಚಿದಾಗಲೆಲ್ಲ ಇಂಧನದಲ್ಲಿ ಸುಮಾರು ಶೇ. 2.5ರಿಂದ 3ರಷ್ಟು ಉಳಿತಾಯವಾಗುತ್ತದೆ.

ಆದುದರಿಂದ ಉತ್ಪಾದಕರು ಕಚ್ಚಾವಸ್ತುವಿನ ಖರೀದಿ ದರವನ್ನಷ್ಟೇ ನೋಡದೆ, ಕೈಗೆ ಬರುವ ಪ್ರತಿ ಟನ್ ಗಾಜಿಗೆ ಇಂಧನವನ್ನೂ ಸೇರಿಸಿ ವೆಚ್ಚ ಕಟ್ಟಬೇಕು. ಗುಜರಿ ವ್ಯಾಪಾರಿಗಳು ಬಣ್ಣವಾರು ಬೇರ್ಪಡಿಸಿ, ಕಲ್ಲು, ಪಿಂಗಾಣಿ, ಲೋಹದ ಚೂರುಗಳನ್ನು ತೆಗೆದು ಮಾರಬೇಕು. ಆಗ ಕುಲುಮೆಯಲ್ಲಿ ಉಳಿಯುವ ಇಂಧನದ ಹಣದಲ್ಲಿ ತಮ್ಮ ಪಾಲನ್ನು ದರದ ರೂಪದಲ್ಲಿ ಕೇಳುವುದು ನ್ಯಾಯವೇ ಆಗುತ್ತದೆ.