ಅಟ್ಟದ ಮೇಲಿನ ಹಳೆಯ ರಿಮೋಟ್ ಕಾರು ಮತ್ತೆ ಓಡುತ್ತದೆಯೇ? ಬಿಡಿಭಾಗ, ಟವರ್, ‘ಕೆಂಪು ಪಾದರಸ’ ಮತ್ತು ಬ್ಯಾಟರಿ ಬಗ್ಗೆ ಹರಿದಾಡುವ ಮಾತುಗಳ ಅಸಲಿಯತ್ತು

ಹಬ್ಬಕ್ಕೆ ಮನೆಗೆ ಸುಣ್ಣ ಬಳಿಯುವಾಗ ಅಟ್ಟದಿಂದ ಇಳಿಯುವ ಸಾಮಾನುಗಳಲ್ಲಿ ಒಂದು ಹಳೆಯ ರಿಮೋಟ್ ಕಾರೂ ಇರಬಹುದು. ಇಪ್ಪತ್ತು ಮೂವತ್ತು ವರ್ಷದ ಹಿಂದೆ ಗಲ್ಫ್‌ನಲ್ಲಿದ್ದ ಮಾವನೋ, ಬೆಂಗಳೂರಿನಲ್ಲಿದ್ದ ಚಿಕ್ಕಪ್ಪನೋ ತಂದುಕೊಟ್ಟದ್ದು. ಹೊಸ ಸೆಲ್ ಹಾಕಿ ಸ್ವಿಚ್ ಒತ್ತಿದರೆ ಸದ್ದೇ ಇಲ್ಲ. ಅದರ ಫೋಟೊವನ್ನು ಕುಟುಂಬದ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಿ ನೋಡಿ, ಸಲಹೆಗಳು ಸಾಲಾಗಿ ಬರುತ್ತವೆ:

• "ಇದರ ಪಾರ್ಟ್ಸ್ ಈಗ ಎಲ್ಲೂ ಸಿಗಲ್ಲ, ಗುಜರಿಗೆ ಹಾಕಿ."
• "ಮೊಬೈಲ್ ಟವರ್ ಬಂದ ಮೇಲೆ ಹಳೇ ರಿಮೋಟ್‌ಗಳು ಕೆಲಸ ಮಾಡಲ್ಲ."
• "ಹಳೇ ಎಲೆಕ್ಟ್ರಾನಿಕ್ ಸಾಮಾನಲ್ಲಿ ಕೆಂಪು ಪಾದರಸ ಇರುತ್ತೆ, ಲಕ್ಷಗಟ್ಟಲೆ ಬೆಲೆ."
• "ಹಳೇ ಲ್ಯಾಪ್‌ಟಾಪ್ ಬ್ಯಾಟರಿ ಸೆಲ್ ಹಾಕಿ, ರಾಕೆಟ್ ಥರ ಓಡುತ್ತೆ."

ಮೊದಲ ಮೂರು ಮಾತು ನಂಬಿದರೆ ಹಣವೋ ಆಟಿಕೆಯೋ ಕೈತಪ್ಪಬಹುದು. ನಾಲ್ಕನೆಯದನ್ನು ನಂಬಿದರೆ ಮನೆಗೇ ಬೆಂಕಿ ಬೀಳಬಹುದು. ಇವುಗಳನ್ನು ಒಂದೊಂದಾಗಿ ನೋಡೋಣ.

ಮೊದಲಿಗೆ, ಹಳೆಯ ಕಾರಿನಲ್ಲಿ ಕೆಡುವುದು ಏನು?

ರಿಮೋಟ್ ಕಾರಿನಲ್ಲಿ ಎರಡು ಬಗೆಯ ಭಾಗಗಳಿವೆ. ಚಾಸಿ, ಗೇರು, ಮೋಟರು ಒಂದು ಬಗೆ. ಬ್ಯಾಟರಿ, ಸ್ವಿಚ್ಚು, ತಂತಿ, ಸರ್ಕ್ಯೂಟ್ ಬೋರ್ಡು ಇನ್ನೊಂದು ಬಗೆ. ಅಟ್ಟದ ಮೇಲೆ ಸುಮ್ಮನೆ ಇದ್ದ ಕಾರಿನಲ್ಲಿ ಮೊದಲ ಬಗೆಯವು ಸಾಮಾನ್ಯವಾಗಿ ಗಟ್ಟಿಯಾಗಿಯೇ ಉಳಿದಿರುತ್ತವೆ. ತೊಂದರೆ ಹೆಚ್ಚಾಗಿ ಶುರುವಾಗುವುದು ಸೆಲ್ ಕೂರುವ ಜಾಗದಲ್ಲಿ.

ಸೆಲ್ ತೆಗೆಯದೆ ಇಟ್ಟರೆ ಅದು ಸೋರಿ, ಲೋಹದ ಸ್ಪ್ರಿಂಗಿಗೆ ಬಿಳಿ ಅಥವಾ ಹಸಿರು ಹುಡಿ ಕಟ್ಟುತ್ತದೆ. ಇದನ್ನು ಎಲ್ಲರೂ ‘ಆ್ಯಸಿಡ್’ ಎನ್ನುತ್ತಾರೆ. ಆದರೆ ಆಲ್ಕಲೈನ್ ಸೆಲ್‌ನಿಂದ ಸೋರುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಅಂದರೆ ಕ್ಷಾರ. ಅದನ್ನು ತೆಗೆಯಲು ಹತ್ತಿಗೆ ಸ್ವಲ್ಪ ವಿನೆಗರ್ ಅಥವಾ ನಿಂಬೆರಸ ತಾಗಿಸಿ ಒರೆಸಬೇಕು. ಕಡಿಮೆ ಬೆಲೆಯ ಹಳೆಯ ಕಾರ್ಬನ್-ಸತು ಸೆಲ್‌ನಿಂದ ಸೋರುವುದು ಮಾತ್ರ ಆಮ್ಲೀಯ. ಅದಕ್ಕೆ ಅಡುಗೆ ಸೋಡಾ ಬೆರೆಸಿದ ನೀರು ಸರಿ. ಯಾವುದೇ ಇರಲಿ, ಕೈಗೆ ಗ್ಲೌಸ್ ಹಾಕಿಕೊಳ್ಳಿ, ಕಣ್ಣಿಗೆ ತಾಗದಂತೆ ನೋಡಿಕೊಳ್ಳಿ, ಕೊನೆಗೆ ಚೆನ್ನಾಗಿ ಒಣಗಿಸಿ.

ನಂತರ ಮೋಟರಿನ ಎರಡು ತಂತಿಗಳನ್ನು ಬೋರ್ಡಿನಿಂದ ಬಿಡಿಸಿ, ಒಂದೆರಡು ಹೊಸ ಪೆನ್ ಸೆಲ್‌ಗೆ ನೇರವಾಗಿ ಮುಟ್ಟಿಸಿ. ಆಟಿಕೆ ಕಾರಿನ ಚಿಕ್ಕ ಮೋಟರು ತಿರುಗಿದರೆ ಅರ್ಧ ಗೆದ್ದಂತೆ. ಆಮೇಲೆ ಸ್ವಿಚ್ಚು, ತಂತಿಗಳ ಬೆಸುಗೆ, ಕೊನೆಯಲ್ಲಿ ಬೋರ್ಡು. ಈ ಕ್ರಮದಲ್ಲಿ ನೋಡುತ್ತ ಹೋದರೆ ‘ಸತ್ತುಹೋಗಿದೆ’ ಎಂದುಕೊಂಡ ಕಾರು ಬರೀ ಒಂದು ಬೆಸುಗೆಯಿಂದ ಎದ್ದು ಓಡುವುದೂ ಉಂಟು.

ಹೇಳಿಕೆ 1: ಬಿಡಿಭಾಗ ಸಿಗುವುದೇ ಇಲ್ಲ

ಇದು ಅರ್ಧ ನಿಜ. ಮೂವತ್ತು ವರ್ಷದ ಹಿಂದಿನ ಅದೇ ಬೋರ್ಡು ಸಿಗುವುದು ಕಷ್ಟ. ಆದರೆ ಅದೇ ಬೇಕಾಗಿಲ್ಲ, ಅದರ ಕೆಲಸ ಮಾಡುವ ಬೇರೆಯದು ಸಾಕು. ಅದಕ್ಕೆ ನಿಮ್ಮ ಕಾರು ಯಾವ ಜಾತಿಯದು ಎಂದು ತಿಳಿದಿರಬೇಕು.

ಆಟಿಕೆ ಜಾತಿಯದಾದರೆ ಒಳಗೆ ಒಂದೇ ಬೋರ್ಡ್ ಇರುತ್ತದೆ. ಸಿಗ್ನಲ್ ಹಿಡಿಯುವುದು, ಮೋಟರು ಓಡಿಸುವುದು ಎರಡೂ ಅದರದೇ ಕೆಲಸ. ಇಂಥ ಅಗ್ಗದ ಕಾರುಗಳಲ್ಲಿ ಬಹಳ ಕಾಲ ಬಳಕೆಯಲ್ಲಿದ್ದದ್ದು ಟಿಎಕ್ಸ್-2 ಮತ್ತು ಆರ್‌ಎಕ್ಸ್-2 ಎಂಬ ಚಿಪ್‌ಗಳ ಜೋಡಿ. ರಿಮೋಟಿನ ಗುಂಡಿ ಒತ್ತಿದಾಗ ಅದು ಇಂತಿಷ್ಟು ಮಿಡಿತ ಎಂದು ಎಣಿಸಿ ಕಳಿಸುತ್ತದೆ. ಮುಂದೆ ಹೋಗಲು 10, ಹಿಂದೆ ಬರಲು 40, ಎಡಕ್ಕೆ 58, ಬಲಕ್ಕೆ 64. ಕಾರಿನ ಚಿಪ್ಪು ಎಣಿಸಿಕೊಂಡು ಅದರಂತೆ ನಡೆಯುತ್ತದೆ. ಹಾಗಾಗಿ ಒಂದು ಕಾರಿನ ಬೋರ್ಡಿಗೆ ಇನ್ನಾವುದೋ ರಿಮೋಟು ಹೊಂದುತ್ತದೆ ಎನ್ನಲಾಗದು. ಬದಲಿಸುವುದಾದರೆ ಬೋರ್ಡು ಮತ್ತು ರಿಮೋಟು ಎರಡನ್ನೂ ಜೋಡಿಯಾಗಿ ಬದಲಿಸಿ. ಕವಚ ಮುರಿದ, ಅಷ್ಟೇ ವೋಲ್ಟಿನ ಇನ್ನೊಂದು ಆಟಿಕೆ ಕಾರು ಇದಕ್ಕೆ ಒಳ್ಳೆಯ ‘ಅಂಗಾಂಗ ದಾನಿ’.

ಹವ್ಯಾಸಿಗಳ ದೊಡ್ಡ ಕಾರಾದರೆ ಕೆಲಸ ಇನ್ನೂ ಸುಲಭ. ಇಲ್ಲಿ ರಿಸೀವರ್, ವೇಗ ನಿಯಂತ್ರಕ, ಚಕ್ರ ತಿರುಗಿಸುವ ಸರ್ವೊ ಎಲ್ಲವೂ ಬೇರೆ ಬೇರೆ. ರಿಸೀವರ್ ಸರ್ವೊಗೆ ಕಳಿಸುವ ಸಂದೇಶ ದಶಕಗಳಿಂದ ಹೆಚ್ಚು ಬದಲಾಗಿಲ್ಲ. ಸೆಕೆಂಡಿಗೆ ಸುಮಾರು 50 ಬಾರಿ ಒಂದು ಮಿಡಿತ ಹೋಗುತ್ತದೆ. ಅದು 1.5 ಮಿಲಿಸೆಕೆಂಡ್ ಇದ್ದರೆ ಚಕ್ರ ನೇರ, 1 ಅಥವಾ 2 ಮಿಲಿಸೆಕೆಂಡ್ ಆದರೆ ಒಂದೊಂದು ಬದಿಗೆ. ಆದ್ದರಿಂದ ಇಂದಿನ ಹೊಸ ರಿಸೀವರ್ ಹಳೆಯ ಸರ್ವೊ ಜೊತೆ ಎಷ್ಟೋ ಸಲ ಸರಾಗವಾಗಿ ಮಾತಾಡುತ್ತದೆ. ಕೆಲವು ಹಳೆಯ ಜಪಾನೀ ಸರ್ವೊಗಳ ಪ್ಲಗ್‌ನಲ್ಲಿ ತಂತಿಗಳ ಸಾಲು ಮಾತ್ರ ಬೇರೆ ಇರುತ್ತದೆ. ಪ್ಲಸ್, ಮೈನಸ್ ನೋಡದೆ ಸಿಕ್ಕಿಸಬೇಡಿ.

ಇನ್ನು ಗೇರು, ಚಕ್ರ. ಜಪಾನಿನ ಟಮಿಯಾ ಕಂಪನಿ ತನ್ನ ಮೊದಲ ರಿಮೋಟ್ ಕಾರನ್ನು ತಂದದ್ದು 1976ರಲ್ಲಿ. 1980ರ ದಶಕದಲ್ಲಿ ಹೆಸರು ಮಾಡಿದ ಗ್ರಾಸ್‌ಹಾಪರ್, ಹಾರ್ನೆಟ್ ಮುಂತಾದವನ್ನು ಅದು 2000ದ ನಂತರ ಮತ್ತೆ ತಯಾರಿಸಿತು. ಹೀಗಾಗಿ ಅಂಥ ಕಾರುಗಳ ಎಷ್ಟೋ ಭಾಗಗಳು ಹೊಸದಾಗಿಯೇ ಸಿಗುತ್ತವೆ.

ಹೊಸ ಬೋರ್ಡು ಆರಿಸುವಾಗ ಏನು ಹೊಂದಬೇಕು?

ಮಂಡ್ಯ, ಮದ್ದೂರು, ಮಳವಳ್ಳಿಯ ಗದ್ದೆಗಳಿಗೆ ನೀರುಣಿಸುವ ವಿಶ್ವೇಶ್ವರಯ್ಯ ನಾಲೆಯನ್ನು ನೆನೆಯಿರಿ. ನೀರು ಎಷ್ಟು ಎತ್ತರದಿಂದ ಒತ್ತುತ್ತದೆ ಎಂಬುದು ವೋಲ್ಟ್. ಎಷ್ಟು ನೀರು ಹರಿಯುತ್ತದೆ ಎಂಬುದು ಆಂಪಿಯರ್. ಬೋರ್ಡು ಅಥವಾ ವೇಗ ನಿಯಂತ್ರಕ ಎಂದರೆ ತೂಬು.

ವೋಲ್ಟು ಹೊಂದಬೇಕು, ಹೆಚ್ಚಾದರೆ ತೂಬೇ ಒಡೆಯುತ್ತದೆ. ಆಂಪಿಯರ್ ವಿಷಯ ಹಾಗಲ್ಲ. ತೂಬು ದೊಡ್ಡದಿದ್ದರೆ ನಷ್ಟವಿಲ್ಲ, ಚಿಕ್ಕದಾಗಬಾರದು. ಚಕ್ರ ಕಲ್ಲಿಗೆ ಸಿಕ್ಕಿ ನಿಂತಾಗ ಹವ್ಯಾಸಿ ಕಾರಿನ ಮೋಟರು ಹತ್ತಾರು ಆಂಪಿಯರ್ ಎಳೆಯುತ್ತದೆ. ಆಟಿಕೆಯ ಸಣ್ಣ ಬೋರ್ಡನ್ನು ಅಂಥ ಮೋಟರಿಗೆ ಕಟ್ಟಿದರೆ ಅದು ಕ್ಷಣದಲ್ಲಿ ಸುಟ್ಟುಹೋಗುತ್ತದೆ.

ಹೇಳಿಕೆ 2: ಟವರ್ ಬಂದ ಮೇಲೆ ಹಳೆಯ ರಿಮೋಟ್ ಕೆಲಸ ಮಾಡಲ್ಲ

ಇದು ತಪ್ಪು. ಹಳೆಯ ರಿಮೋಟ್ ಕಾರುಗಳಲ್ಲಿ ಬಹುಪಾಲು 27 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಕೆಲಸ ಮಾಡುತ್ತವೆ. ಮೊಬೈಲ್ ಟವರುಗಳು ಬಳಸುವುದು ನೂರಾರು, ಸಾವಿರಾರು ಮೆಗಾಹರ್ಟ್ಸ್. ರೇಡಿಯೊದಲ್ಲಿ ಒಂದು ಸ್ಟೇಷನ್ ಹಿಡಿದಾಗ ಇನ್ನೊಂದು ಕೇಳಿಸದ ಹಾಗೆ ಇವೆರಡೂ ದೂರ ದೂರ ಇವೆ.

ಹಾಗಾದರೆ ಕಾರು ಯಾಕೆ ತಡವರಿಸುತ್ತದೆ? ಕಳ್ಳ ಹೆಚ್ಚಾಗಿ ಕಾರಿನ ಒಳಗೇ ಇರುತ್ತಾನೆ. ಮೋಟರಿನೊಳಗಿನ ಬ್ರಷ್‌ಗಳಿಂದ ಸಣ್ಣ ಸಣ್ಣ ಕಿಡಿ ಹಾರುತ್ತದೆ. ಆ ಕಿಡಿಯೇ ರೇಡಿಯೊ ಗದ್ದಲ ಎಬ್ಬಿಸುತ್ತದೆ. ಅದನ್ನು ಅಡಗಿಸಲೆಂದೇ ಮೋಟರಿನ ಮೇಲೆ ಮಸೂರದ ಕಾಳಿನಂಥ ಸಣ್ಣ ಕೆಪಾಸಿಟರ್‌ಗಳನ್ನು ಬೆಸೆದಿರುತ್ತಾರೆ. ಅವು ಕಿತ್ತುಬಂದಿದ್ದರೆ ಕಾರು ಸಿಗ್ನಲ್ ತಪ್ಪಿಸಿಕೊಳ್ಳುತ್ತದೆ. ಕೆಲವೇ ರೂಪಾಯಿಯ ಭಾಗ ಅದು.

ಆಂಟೆನಾ ಕತ್ತರಿಸಿದ್ದರೂ ಇದೇ ಗತಿ. 27 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 11 ಮೀಟರ್. ಅದಕ್ಕೇ ಹಳೆಯ ಕಾರಿಗೆ ಉದ್ದ ಬಾಲ. ಹೊಸ 2.4 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್, ಹಾಗಾಗಿ 3 ಸೆಂಟಿಮೀಟರ್ ತಂತಿಯೇ ಸಾಕು. ಅಡ್ಡ ತಂತಿ ಎಂದು ಹಳೆಯ ಬಾಲವನ್ನು ಕತ್ತರಿಸಬೇಡಿ. ಒಂದೇ ಚಾನೆಲ್‌ನ ಎರಡು 27 ಮೆಗಾಹರ್ಟ್ಸ್ ಕಾರುಗಳನ್ನು ಅಕ್ಕಪಕ್ಕ ಓಡಿಸಿದರೆ ಮಾತ್ರ ಒಂದಕ್ಕೊಂದು ಅಡ್ಡ ಬರುವುದು ನಿಜ.

ಹೇಳಿಕೆ 3: ಒಳಗೆ ಕೆಂಪು ಪಾದರಸ, ಚಿನ್ನ ಇದೆ

ಇದು ಸುಳ್ಳು, ಮೋಸದ ಬಲೆ. ‘ಕೆಂಪು ಪಾದರಸ’ ಎಂಬ ಅದ್ಭುತ ವಸ್ತು ಇರುವುದಕ್ಕೆ ಯಾವ ಆಧಾರವೂ ಇಲ್ಲ. 2009ರಲ್ಲಿ ಸೌದಿ ಅರೇಬಿಯಾದಲ್ಲಿ ಹಳೆಯ ಹೊಲಿಗೆ ಯಂತ್ರದ ಸೂಜಿಯಲ್ಲಿ ಇದು ಇದೆ ಎಂಬ ಗಾಳಿಸುದ್ದಿ ಹಬ್ಬಿ, ಜನ ಮುಗಿಬಿದ್ದು ಯಂತ್ರಗಳನ್ನು ಕೊಂಡಿದ್ದರು. ಅದೇ ಕಥೆ ಹಳೆಯ ರೇಡಿಯೊ, ಟಿವಿ ಹೆಸರಿನಲ್ಲಿ ನಮ್ಮಲ್ಲೂ ಸುತ್ತುತ್ತಿದೆ. ಹೆಚ್ಚು ಬೆಲೆ ಕೊಡುತ್ತೇವೆ ಎಂದು ನಂಬಿಸಿ ‘ಪರೀಕ್ಷೆ ಶುಲ್ಕ’ ಕೇಳಿದರೆ ಅಲ್ಲಿಗೇ ಮಾತು ನಿಲ್ಲಿಸಿ.

ಚಿನ್ನ? ಕಂಪ್ಯೂಟರಿನ ಕೆಲವು ಭಾಗಗಳಿಗೆ ತೆಳುವಾದ ಚಿನ್ನದ ಲೇಪ ಇರುತ್ತದೆ. ಆಟಿಕೆ ಬೋರ್ಡಿನಲ್ಲಿ ಮುಖ್ಯವಾಗಿ ಇರುವುದು ತಾಮ್ರ, ತವರ, ಹಳೆಯದಾದರೆ ಬೆಸುಗೆಯಲ್ಲಿ ಸೀಸ. ಅದನ್ನು ಸುಟ್ಟರೂ ಆ್ಯಸಿಡ್‌ಗೆ ಹಾಕಿದರೂ ಸಿಗುವುದು ವಿಷದ ಹೊಗೆ ಮಾತ್ರ.

ಹೇಳಿಕೆ 4: ಲ್ಯಾಪ್‌ಟಾಪ್ ಸೆಲ್ ಹಾಕಿ, ರಾಕೆಟ್ ಥರ ಓಡುತ್ತೆ

ಎಲ್ಲಕ್ಕಿಂತ ಅಪಾಯದ ಸಲಹೆ ಇದೇ. ಹಳೆಯ ಕಾರುಗಳ ಬ್ಯಾಟರಿ ನಿಕಲ್-ಕ್ಯಾಡ್ಮಿಯಂ ಜಾತಿಯದು, ಒಂದು ಸೆಲ್‌ಗೆ 1.2 ವೋಲ್ಟ್. ಆರು ಸೆಲ್ ಸೇರಿ 7.2 ವೋಲ್ಟ್. ಲ್ಯಾಪ್‌ಟಾಪಿನಿಂದ ಕಿತ್ತ ಲಿಥಿಯಂ ಸೆಲ್ ಒಂದಕ್ಕೆ 3.6 ವೋಲ್ಟ್ ಆಸುಪಾಸು. ಎರಡು ಸೇರಿಸಿದರೆ ಲೆಕ್ಕ ಹೆಚ್ಚು ಕಡಿಮೆ ಸರಿಹೋಗುತ್ತದೆ. ಇಲ್ಲೇ ಮೋಸ ಇರುವುದು.

ಹಳೆಯ ಕಾರಿನ ಜೊತೆ ಬಂದ ಚಾರ್ಜರ್ ಸಾಮಾನ್ಯವಾಗಿ ತಾನಾಗಿ ನಿಲ್ಲುವುದಿಲ್ಲ. ಸಣ್ಣ ಪ್ರವಾಹವನ್ನು ಹದಿನಾಲ್ಕು ಹದಿನಾರು ಗಂಟೆ ಹರಿಸುತ್ತಲೇ ಇರುತ್ತದೆ. ನಿಕಲ್ ಸೆಲ್ ಅದನ್ನು ಒಂದು ಮಟ್ಟದವರೆಗೆ ಸಹಿಸುತ್ತದೆ, ಹೆಚ್ಚಾದದ್ದನ್ನು ಬಿಸಿಯಾಗಿ ಕಳೆದುಕೊಳ್ಳುತ್ತದೆ. ಲಿಥಿಯಂ ಸೆಲ್‌ಗೆ ಆ ಸಹನೆ ಇಲ್ಲ. 4.2 ವೋಲ್ಟ್ ತಲುಪಿದ ಮೇಲೂ ಚಾರ್ಜ್ ಆಗುತ್ತಲೇ ಇದ್ದರೆ ಒಳಗೆ ಬಿಸಿ ಏರಿ, ಆ ಬಿಸಿಯೇ ಇನ್ನಷ್ಟು ಬಿಸಿ ಹುಟ್ಟಿಸಿ, ಸೆಲ್ ಸಿಡಿದು ಉರಿಯಬಹುದು. ಜನ ಚಾರ್ಜಿಗೆ ಹಾಕುವುದು ರಾತ್ರಿ, ಮಲಗುವ ಮುಂಚೆ. ಹಾಸಿಗೆ, ಕರ್ಟನ್ ಪಕ್ಕದಲ್ಲಿ.

ಹಾಗಾಗಿ ಸುಲಭದ ದಾರಿ ಒಂದೇ. ಹಳೆಯ ನಿಕಲ್-ಕ್ಯಾಡ್ಮಿಯಂ ಜಾಗಕ್ಕೆ ಅಷ್ಟೇ ವೋಲ್ಟಿನ ನಿಕಲ್-ಮೆಟಲ್ ಹೈಡ್ರೈಡ್ ಬ್ಯಾಟರಿ ಮತ್ತು ಅದಕ್ಕೆ ಹೊಂದುವ, ತಾನಾಗಿ ನಿಲ್ಲುವ ಚಾರ್ಜರ್ ಕೊಳ್ಳಿ. ಲಿಥಿಯಂ ಬೇಕೇ ಬೇಕೆಂದರೆ ಐಎಸ್ 16046 ಗುರುತಿನ ಹೊಸ ಸೆಲ್, ರಕ್ಷಣಾ ಬೋರ್ಡು, ಲಿಥಿಯಂ ಚಾರ್ಜರ್ ಮೂರೂ ಇರಬೇಕು. ಒಂದು ತಪ್ಪಿದರೂ ಬೇಡ. ಎದ್ದಿರುವಾಗ, ಕಣ್ಣೆದುರಿಗೇ ಚಾರ್ಜ್ ಮಾಡಿ. ಉಬ್ಬಿದ ಬ್ಯಾಟರಿಯನ್ನು ಮುಟ್ಟಿ ಪರೀಕ್ಷಿಸಬೇಡಿ. ಬೆಂಕಿ ಕಂಡರೆ ಮಕ್ಕಳೊಂದಿಗೆ ಹೊರಗೆ ಬಂದು 112ಕ್ಕೆ ಕರೆ ಮಾಡಿ.

ತೆಗೆದ ಹಳೆಯ ಬ್ಯಾಟರಿಯನ್ನು ತಿಪ್ಪೆಗೋ ಕಬ್ಬಿನ ತರಗಿನ ಬೆಂಕಿಗೋ ಎಸೆಯಬೇಡಿ. ಅದರಲ್ಲಿರುವ ಕ್ಯಾಡ್ಮಿಯಂ ವಿಷ, ಮಣ್ಣು ಮತ್ತು ನೀರಿಗೆ ಸೇರಿದರೆ ಬೆಳೆಗೂ ಬರುತ್ತದೆ. ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ.

ಭಾಗಗಳನ್ನು ಹುಡುಕುವುದು ಎಲ್ಲಿ?

ಕೆಪಾಸಿಟರ್, ತಂತಿ, ಸ್ವಿಚ್ಚು, ಬೆಸುಗೆ ಇಷ್ಟಕ್ಕೆ ನಿಮ್ಮೂರಿನ ಟಿವಿ ಅಥವಾ ಮೊಬೈಲ್ ರಿಪೇರಿ ಅಂಗಡಿಯೇ ಸಾಕು. ರಿಸೀವರ್, ವೇಗ ನಿಯಂತ್ರಕ, ಸರ್ವೊಗೆ ಬೆಂಗಳೂರಿನ ಎಸ್.ಪಿ. ರಸ್ತೆ ಹೆಸರುವಾಸಿ. ಮಂಡ್ಯ, ಮದ್ದೂರಿನವರಿಗೆ ನೇರ ರೈಲಿದೆ. ಮಳವಳ್ಳಿಯವರಿಗೆ ಕನಕಪುರದ ಮೇಲಿನ ಬಸ್ಸು. ಹೋಗುವಾಗ ಹಳೆಯ ಬೋರ್ಡು, ಮೋಟರು ಎರಡನ್ನೂ ಜೊತೆಗೆ ಒಯ್ಯಿರಿ. ಕಿತ್ತುಹಾಕುವ ಮುಂಚೆ ಪ್ರತಿ ತಂತಿ ಎಲ್ಲಿಗೆ ಹೋಗುತ್ತಿತ್ತು ಎಂದು ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಆ ಫೋಟೊ ಎಷ್ಟೋ ಸಲ ಅಂಗಡಿಯವನ ಅನುಭವಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ತೀರ್ಮಾನ

ಹಳೆಯ ರಿಮೋಟ್ ಕಾರನ್ನು ಮತ್ತೆ ಓಡಿಸಲು ಅದೇ ಕಾಲದ ಬೋರ್ಡು ಬೇಕಿಲ್ಲ. ವೋಲ್ಟು, ಆಂಪಿಯರ್ ಮತ್ತು ಕೆಲಸ, ಈ ಮೂರು ಹೊಂದಿದರೆ ಸಾಕು. ಟವರಿನ ಮಾತು ತಪ್ಪು, ಕೆಂಪು ಪಾದರಸದ ಮಾತು ಮೋಸ. ಲ್ಯಾಪ್‌ಟಾಪ್ ಸೆಲ್ ಸಲಹೆ ನಿಮ್ಮ ಗ್ರೂಪಿನಲ್ಲಿ ಬಂದಿದ್ದರೆ, ಅದನ್ನು ಮುಂದಕ್ಕೆ ಕಳಿಸುವ ಬದಲು ಕಳಿಸಿದವರಿಗೆ ಒಂದು ಫೋನ್ ಮಾಡಿ. ಅವರು ಆಗಲೇ ಸೆಲ್ ಹಾಕಿ, ಹಳೆಯ ಚಾರ್ಜರಿಗೆ ಸಿಕ್ಕಿಸಿ ಮಲಗಲು ಹೊರಟಿರಬಹುದು.